ಮಿಶ್ರಲೋಹದಾಗ ಎಕ್ಸ್‌ಚೇಂಜ್ ಬಯಾಸ್ ಹೆಚ್ಚು-ಕಡಿಮಿ ಮಾಡೋದು ಹೆಂಗ: ಡೋಪಿಂಗ್ ಶುರು ಮಾಡೋರಿಗೆ ಒಂದು ದಾರಿ

ಎಕ್ಸ್‌ಚೇಂಜ್ ಬಯಾಸ್ ಮ್ಯಾಲೆ ಪ್ರಾಜೆಕ್ಟ್ ತೊಗೊಂಡ ಹುಡುಗ್ರು ಧಾರವಾಡದಾಗ ಸಿಕ್ಕಾಗೆಲ್ಲ ಕೇಳೋ ಪ್ರಶ್ನೆ ಒಂದ, ಯಾವ ಎಲಿಮೆಂಟ್ ಡೋಪ್ ಮಾಡಿದ್ರ, ಅಂದ್ರ ಸ್ವಲ್ಪ ಬೆರೆಸಿದ್ರ, ಬಯಾಸ್ ಏರ್ತೈತ್ರಿ ಅಂತ. ಪ್ರಶ್ನೆ ಸರಿ ಐತಿ, ಆದ್ರ ಅದು ಮೂರನೇ ಮೆಟ್ಟಲ. ಮೊದಲ ಡೋಪ್ ಮಾಡದ ಬೇಸ್ ಅಲಾಯ್ ನಿಮ್ಮ ಕೈಯಾಗ ಗಟ್ಟಿ ಇರಬೇಕು, ಆಮ್ಯಾಲೆ ಹಿಸ್ಟರಿಸಿಸ್ ಲೂಪ್ (ಫೀಲ್ಡ್ ಏರಿಸಿ ಇಳಿಸಿದಂಗ ಮ್ಯಾಗ್ನೆಟೈಜೇಷನ್ ಬರೆಯೋ ಸುತ್ತುಗೆರೆ) ಸರಿದದ್ದು ಖರೇನ ಬಯಾಸೋ ಅಥವಾ ಮೆಷಿನ್‌ನಿಂದ ಬಂದದ್ದೋ ಅನ್ನೋದು ಬಗೆಹರಿಬೇಕು, ಆಗ ಮಾತ್ರ 2% ಕೋಬಾಲ್ಟ್ ಹಾಕಿದ್ದಕ್ಕ ಏನಾತು ಅಂತ ಮಾತಾಡಾಕ ಬರತೈತಿ. ಇಲ್ಲಿ ನಾನು ನಿಕಲ್-ಮ್ಯಾಂಗನೀಸ್-ಟಿನ್ ಹ್ಯೂಸ್ಲರ್ ಅಲಾಯ್ (ಜಾಲರಿಯೊಳಗ ಪ್ರತಿ ಎಲಿಮೆಂಟ್‌ಗೆ ತನ್ನದ ಜಾಗಾ ಇರೋ ಮಿಶ್ರಲೋಹ) ಹಿಡ್ಕೊಂಡು ಹೇಳ್ತೀನಿ, ಯಾಕಂದ್ರ ಇದಕ್ಕ ತೆಳು ಪದರ ಕೂಡಿಸೋ ದುಬಾರಿ ಮೆಷಿನ್ ಬ್ಯಾಡ, ಆರ್ಕ್ ಮೆಲ್ಟಿಂಗ್ (ಕರೆಂಟ್ ಕಿಡಿಯಿಂದ ಲೋಹ ಕರಗಿಸೋ ಮೆಷಿನ್) ಐತಿ ಅಂದ್ರ ಸಾಕು.

ಬಯಾಸ್ ಅಂದ್ರ ಏನು ಅನ್ನೋದು

1956ರಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಲ್ಯಾಬಿನ್ಯಾಗ ಮೈಕಲ್‌ಜಾನ್ ಮತ್ತ ಬೀನ್ ಅನ್ನೋ ಇಬ್ರು ಕೋಬಾಲ್ಟ್ ಕಣಗಳ ಮ್ಯಾಲೆ ಕೋಬಾಲ್ಟ್ ಆಕ್ಸೈಡ್ ಪದರ ಇದ್ದ ಪುಡಿಯನ್ನ ಮ್ಯಾಗ್ನೆಟಿಕ್ ಫೀಲ್ಡಿನ್ಯಾಗ ಇಟ್ಟ 77 ಕೆಲ್ವಿನ್‌ಗೆ ತಂಪು ಮಾಡಿ ಹಿಸ್ಟರಿಸಿಸ್ ಲೂಪ್ ತಗದ್ರು, ಲೂಪ್ ಸೊನ್ನಿ ಸುತ್ತ ಬರೋದು ಬಿಟ್ಟು ಒಂದು ಬಾಜೂಕ ಸರಿದು ನಿಂತಿತ್ತು. ಒಳಗ ಎರಡು ಥರದ ಮ್ಯಾಗ್ನೆಟಿಸಂ ಒಂದಕ್ಕೊಂದು ಅಂಟ್ಕೊಂಡಿರತಾವು: ಫೆರೋ (ಒಳಗಿನ ಸಣ್ಣ ಮ್ಯಾಗ್ನೆಟ್‌ಗಳೆಲ್ಲ ಒಂದ ದಿಕ್ಕಿಗೆ) ಅನ್ನೋದು ಫೀಲ್ಡ್ ಹೇಳಿದಂಗ ತಿರುಗತೈತಿ, ಆಂಟಿಫೆರೋ (ಬಾಜೂದವು ಒಂದಕ್ಕೊಂದು ಉಲ್ಟಾ) ಜಾಗಾ ಬಿಟ್ಟ ಅಲಗಾಡಂಗಿಲ್ಲ. ಒಂದ ನೊಗಕ್ಕ ಕಟ್ಟಿದ ಎರಡು ಎತ್ತಿನ್ಯಾಗ ಒಂದು ಹೊರಳಾಕ ತಯಾರು, ಇನ್ನೊಂದು ಕಾಲೂರಿ ನಿಂತೈತಿ ಅಂದ್ರ ಚಕ್ಕಡಿ ಒಂದು ಕಡೆ ಸಲೀಸ ಹೊರಳತೈತಿ, ಇನ್ನೊಂದು ಕಡೆ ಹೊರಳಿಸಾಕ ಜೋರು ಹಾಕ್ಬೇಕಾಗತೈತಿ. ಆ ಹೆಚ್ಚಿನ ಜೋರಿಗೇ ಬಯಾಸ್ ಫೀಲ್ಡ್ ಅನ್ನೋದು. ಹಾರ್ಡ್‌ಡಿಸ್ಕ್ ಓದೋ ಹೆಡ್ಡಿನ್ಯಾಗ ಇರೀಡಿಯಂ-ಮ್ಯಾಂಗನೀಸ್ ಪದರ ಪಕ್ಕದ ಫೆರೋ ಪದರನ್ನ ಹಿಡಿದು ನಿಲ್ಲಿಸೋದು ಇದ ರೀತಿಯಿಂದ.

ಲೆಕ್ಕ ಸುಲಭ ಐತಿ. ಲೂಪ್ ಎಡಕ್ಕ ಫೀಲ್ಡ್ ಅಕ್ಷವನ್ನ ಎಲ್ಲಿ ದಾಟ್ತೋ, ಬಲಕ್ಕ ಎಲ್ಲಿ ದಾಟ್ತೋ ಎರಡನ್ನೂ ಚಿಹ್ನೆ ಸಮೇತ ಕೂಡಿಸಿ ಅರ್ಧ ಮಾಡಿದ್ರ ಬಯಾಸ್, ಎರಡರ ನಡುವಿನ ಅಂತರ ಅರ್ಧ ಮಾಡಿದ್ರ ಕೋಯರ್ಸಿವಿಟಿ. ಎಡಕ್ಕ ಮೈನಸ್ 720 ಓರ್ಸ್ಟೆಡ್ (ಫೀಲ್ಡ್ ಅಳತಿಯ ಯೂನಿಟ್), ಬಲಕ್ಕ ಪ್ಲಸ್ 380 ಅಂತ ಇಟ್ಕೊಳ್ರಿ, ಬಯಾಸ್ ಮೈನಸ್ 170, ಕೋಯರ್ಸಿವಿಟಿ 550.

ನಿಕಲ್-ಮ್ಯಾಂಗನೀಸ್-ಟಿನ್ ಒಳಗ ಜಗಳ ಎಲ್ಲಿ ಐತಿ

ಇದನ್ನ ತಿಳ್ಕೊಳ್ಳದ ಡೋಪಿಂಗ್‌ಗೆ ಹೋಗಬ್ಯಾಡ್ರಿ. ನೂರು ಪರಮಾಣುವಿನ್ಯಾಗ (ಇಲ್ಲಿ ಪಾಲಿನ ಲೆಕ್ಕ ಎಲ್ಲಾ ಪರಮಾಣುವಿಂದು, ತೂಕದ್ದಲ್ಲ) ನಿಕಲ್ 50, ಮ್ಯಾಂಗನೀಸ್ 25, ಟಿನ್ 25 ಇದ್ದಾಗ ಮ್ಯಾಂಗನೀಸ್ ತನ್ನ ಜಾಗಾದಾಗ ಇರತೈತಿ, ಅದು ಪೂರ್ತಿ ಫೆರೋ. ಟಿನ್ ಕಡಿಮಿ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿದ್ರ, ಆ ಹೆಚ್ಚಿನ ಮ್ಯಾಂಗನೀಸ್ ಟಿನ್ ಜಾಗಾದಾಗ ಹೋಗಿ ಕೂಡ್ತೈತಿ. ತಮ್ಮ ಜಾಗಾದಾಗ ಇರೋ ಎರಡು ಮ್ಯಾಂಗನೀಸ್ ನಡುವಿನ ದೂರ ಸುಮಾರು 4.2 ಆಂಗ್‌ಸ್ಟ್ರಾಮ್, ಆದ್ರ ತನ್ನ ಜಾಗಾದ ಮ್ಯಾಂಗನೀಸಿಗೂ ಟಿನ್ ಜಾಗಾಕ್ಕ ಹೋದ ಮ್ಯಾಂಗನೀಸಿಗೂ ದೂರ ಸುಮಾರು 3 ಆಂಗ್‌ಸ್ಟ್ರಾಮ್ ಅಷ್ಟ, ಇಷ್ಟು ಹತ್ರ ಬಂದಾಗ ಅವು ಒಂದಕ್ಕೊಂದು ಉಲ್ಟಾ ನಿಲ್ಲಾಕ ನೋಡ್ತಾವು. ತಂಪಾಗೋಮುಂದ ಮಾರ್ಟೆನ್ಸೈಟ್ ಬದಲಾವಣಿ (ಜಾಲರಿ ಒಮ್ಮೆಲೆ ಆಕಾರ ಬದಲಿಸೋದು) ಆಗಿ ಜಾಲರಿ ಸೊಟ್ಟ ಆತು ಅಂದ್ರ ಈ ಉಲ್ಟಾ ಜೋಡಣಿ ಇನ್ನೂ ಗಟ್ಟಿ. ಹಿಂಗಾಗಿ ಒಂದ ಅಲಾಯ್ ಒಳಗ ಫೆರೋ ತುಂಡು, ಆಂಟಿಫೆರೋ ತುಂಡು ಎರಡೂ ಬಾಜೂ ಬಾಜೂ ಹುಟ್ತಾವು, ಬಯಾಸ್ ಅಲ್ಲಿಂದ ಬರತೈತಿ.

ಅಂದಮ್ಯಾಲೆ ಡೋಪಿಂಗ್ ಮಾಡೋದು ಇಷ್ಟ: ಈ ಎರಡರ ಪಾಲು ಎಷ್ಟೆಷ್ಟು, ಫೆರೋ ತುಂಡು ಎಷ್ಟು ದೊಡ್ಡದು, ಅಂಟು ಎಷ್ಟು ಗಟ್ಟಿ, ಇವನ್ನ ಸರಿಸೋದು. ಫೆರೋ ತುಂಡು ಸಣ್ಣದಿದ್ದಷ್ಟು ಬಯಾಸ್ ದೊಡ್ಡದು, ಯಾಕಂದ್ರ ಹಿಡ್ಕೊಳ್ಳೋ ಮೇಲ್ಮೈ ಹೆಚ್ಚಿದ್ದು ತಿರುಗಿಸೋ ಮ್ಯಾಗ್ನೆಟೈಜೇಷನ್ ಕಡಿಮಿ ಇರತೈತಿ. ಫೆರೋ ಭಾಳ ಜೋರಾತು ಅಂದ್ರ ಮ್ಯಾಗ್ನೆಟೈಜೇಷನ್ ಏರಿ ಬಯಾಸ್ ಇಳೀತೈತಿ, ಫೆರೋ ಇಲ್ಲೇ ಇಲ್ಲ ಅಂದ್ರ ಸರಿಸಾಕ ಏನೂ ಇಲ್ಲ. ಇದನ್ನ ಕೊನಿ ತನಕ ಎಳದವರು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಗುಂಪಿನೋರು, 2015ರಾಗ ಮ್ಯಾಂಗನೀಸ್-ಪ್ಲಾಟಿನಂ-ಗ್ಯಾಲಿಯಂ ಅಲಾಯ್‌ನ್ಯಾಗ ಒಳಗಿನ ಉಲ್ಟಾ ಮ್ಯಾಗ್ನೆಟೈಜೇಷನ್ ಹೆಚ್ಚುಕಡಿಮಿ ಸೊನ್ನಿ ಆಗುವಂಗ ಪಾಲು ಹೊಂದಿಸಿ 3 ಟೆಸ್ಲಾಕ್ಕಿಂತ ಜಾಸ್ತಿ ಬಯಾಸ್ ತೋರಿಸಿದ್ರು. ನಮ್ಮ ನಿಕಲ್ ಅಲಾಯ್‌ನ್ಯಾಗ ಸಿಗೋದು ನೂರಾರು ಓರ್ಸ್ಟೆಡ್, ಒಂದು ಟೆಸ್ಲಾ ಅಂದ್ರ 10,000 ಓರ್ಸ್ಟೆಡ್, ಫರಕು ಎಷ್ಟೈತಿ ನೀವ ನೋಡ್ರಿ.

ಡೋಪ್ ಮಾಡೋ ಎಲಿಮೆಂಟ್ ಆರಿಸೋದು

ಪ್ರತಿ ಎಲಿಮೆಂಟ್ ಎರಡು ಕೆಲಸ ಮಾಡತೈತಿ, ಎಲೆಕ್ಟ್ರಾನ್ ಲೆಕ್ಕ ಬದಲಿಸತೈತಿ, ಪರಮಾಣುವಿನ ಸೈಜಿನಿಂದ ಜಾಲರಿ ಹಿಗ್ಗಿಸತೈತಿ ಇಲ್ಲಾ ಕುಗ್ಗಿಸತೈತಿ. ಎಲೆಕ್ಟ್ರಾನ್ ಲೆಕ್ಕಕ್ಕ ಹೊರಗಿನ ಎಲೆಕ್ಟ್ರಾನ್ ಹಿಡೀರಿ: ನಿಕಲ್ 10, ಕೋಬಾಲ್ಟ್ 9, ಕಬ್ಬಿಣ 8, ಮ್ಯಾಂಗನೀಸ್ 7, ತಾಮ್ರ 11, ಟಿನ್ 4, ಸಿಲಿಕಾನ್ 4, ಜರ್ಮೇನಿಯಂ 4, ಆಂಟಿಮನಿ 5, ಇಂಡಿಯಂ 3. ನಿಕಲ್ 50 ಮ್ಯಾಂಗನೀಸ್ 37 ಟಿನ್ 13ಕ್ಕ ಸರಾಸರಿ 8.11 ಬರತೈತಿ. ಈ ಸರಾಸರಿ ಏರಿದ್ರ ಮಾರ್ಟೆನ್ಸೈಟ್ ಆಗೋ ಟೆಂಪರೇಚರ್ ಸಾಮಾನ್ಯವಾಗಿ ಏರತೈತಿ, ಮತ್ತ ಈ ಅಲಾಯ್‌ಗೆ ಅದು ಕೋಣಿ ಟೆಂಪರೇಚರ್ ಆಸುಪಾಸಿನ್ಯಾಗ ಐತಿ. ಟಿನ್ 1% ಆಚೀಚೆ ಆದ್ರ ಹತ್ತಾರು ಕೆಲ್ವಿನ್ ಸರೀತೈತಿ ಅನ್ನೋದು ತಲಿಯಾಗ ಇರಲಿ, ಮುಂದ ತೂಕ ಮಾಡೋಮುಂದ ಇದ ಕಾಡತೈತಿ.

ನಿಕಲ್ ಜಾಗಾಕ್ಕ ಕೋಬಾಲ್ಟ್ ಹಾಕೋದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ದಾರಿ, ನಾನೂ ಅದ ಮೊದಲ ಮಾಡ್ರಿ ಅಂತೀನಿ. ಕೋಬಾಲ್ಟ್-ಮ್ಯಾಂಗನೀಸ್ ಜೋಡಣಿ ಜೋರಿನ ಫೆರೋ, ಹಿಂಗಾಗಿ ಕ್ಯೂರಿ ಟೆಂಪರೇಚರ್ (ಇದರ ಮ್ಯಾಲೆ ಫೆರೋ ಗುಣ ಉಳಿಯಂಗಿಲ್ಲ) ಏರತೈತಿ, ಮಾರ್ಟೆನ್ಸೈಟ್ ಟೆಂಪರೇಚರ್ ಇಳೀತೈತಿ, ತಂಪು ಮಾಡಿದಾಗ ಹೆಚ್ಚಿನ ಟೆಂಪರೇಚರ್‌ನ ಫೆರೋ ಫೇಸ್‌ನ (ಜಾಲರಿ ರೂಪದ) ಸಣ್ಣ ತುಂಡುಗಳು ಆಂಟಿಫೆರೋ ನಡುವ ಸಿಕ್ಕೊಂಡು ಉಳೀತಾವು. ಮುಂಬೈದ ಐಐಟಿ ಮತ್ತ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನವರು 2009ರಾಗ ಟಿನ್ ಬದಲಿ ಆಂಟಿಮನಿ ಇರೋ ಇದ ಜಾತಿ ಅಲಾಯ್ ಮ್ಯಾಲೆ ಇದನ್ನ ಚೊಲೊ ತೋರಿಸ್ಯಾರ: ಕೋಬಾಲ್ಟ್ ಏರಿಸಿದಂಗ ಬಯಾಸ್ ಏರಿತು, ನಿಕಲ್ 45 ಕೋಬಾಲ್ಟ್ 5 ಮ್ಯಾಂಗನೀಸ್ 38 ಆಂಟಿಮನಿ 12ಕ್ಕ 50,000 ಓರ್ಸ್ಟೆಡ್ ಫೀಲ್ಡಿನ್ಯಾಗ ತಂಪು ಮಾಡಿ 3 ಕೆಲ್ವಿನ್‌ನ್ಯಾಗ ಅಳದಾಗ 480 ಓರ್ಸ್ಟೆಡ್. ಕೋಬಾಲ್ಟ್ ಇನ್ನೂ ಏರಿಸ್ಕೋತ ಹೋದ್ರ ಮಾರ್ಟೆನ್ಸೈಟ್ ಆಗೋದ ತಪ್ಪತೈತಿ, ಗ್ಯಾಮಾ ಅನ್ನೋ ಬ್ಯಾರೆ ಫೇಸ್ ಹುಟ್ಟೋ ಭಯಾನೂ ಐತಿ. ಕಬ್ಬಿಣದ್ದೂ ಇದ ಹಣೆಬರಹ, ಜಾಸ್ತಿ ಹಾಕಿದ್ರ ಗ್ಯಾಮಾ ಬರತೈತಿ.

ಟಿನ್ ಜಾಗಾಕ್ಕ ಸಿಲಿಕಾನ್ ಇಲ್ಲಾ ಜರ್ಮೇನಿಯಂ ಹಾಕೋದು ನನಗ ಭಾಳ ಇಷ್ಟ ಆದ ಪರೀಕ್ಷೆ. ಎಲೆಕ್ಟ್ರಾನ್ ಲೆಕ್ಕ ಮೂರಕ್ಕೂ 4, ಸೈಜ್ ಮಾತ್ರ ಸಣ್ಣದು, ಅಂದ್ರ ಎಲೆಕ್ಟ್ರಾನ್ ಮುಟ್ಟದ ಜಾಲರಿ ಕುಗ್ಗಿಸಿದಂಗ. ಕೋಬಾಲ್ಟ್ ಸರಣಿ ಒಂದು, ಜರ್ಮೇನಿಯಂ ಸರಣಿ ಒಂದು, ಎರಡೂ ಬಾಜೂ ಬಾಜೂ ಇಟ್ರ ಯಾವ ಬದಲಾವಣಿ ಎಲೆಕ್ಟ್ರಾನಿಂದ ಬಂತು, ಯಾವುದು ದೂರದಿಂದ ಬಂತು ಅಂತ ವಾದ ಮಾಡಾಕ ಹಿಡಿ ಸಿಗತೈತಿ. ಇನ್ನೊಂದು ಉಪಾಯ, 1% ಕೋಬಾಲ್ಟ್ ಜೊತಿ 1% ತಾಮ್ರ ನಿಕಲ್ ಜಾಗಾಕ್ಕ ಹಾಕ್ರಿ, ಒಂದು ಇಳಸತೈತಿ ಒಂದು ಏರಸತೈತಿ, ಸರಾಸರಿ ಅಲ್ಲೇ ನಿಲ್ಲತೈತಿ.

ಒಮ್ಮೆಲೆ ಎರಡು ಸರಣಿಗೆ ಕೈ ಹಾಕಬ್ಯಾಡ್ರಿ. ಕೋಬಾಲ್ಟ್ 0, 2, 4 ಇಷ್ಟ ಮೊದಲ ಮಾಡ್ರಿ, ಬಯಾಸ್ ಎತ್ತಾಗ ಹೊಂಟೈತಿ ಕಂಡಮ್ಯಾಲೆ ನಡುವಿನ 1, 3 ಇಲ್ಲಾ ಮುಂದಿನ 5 ತುಂಬ್ರಿ.

ತೂಕ ಮತ್ತ ಮ್ಯಾಂಗನೀಸ್

5 ಗ್ರಾಂ ಬೇಸ್ ಅಲಾಯ್‌ಗೆ ನಿಕಲ್ 2.2537 ಗ್ರಾಂ, ಮ್ಯಾಂಗನೀಸ್ 1.5611, ಟಿನ್ 1.1852. ಕೋಬಾಲ್ಟ್ 2 ಇರೋದಕ್ಕ ನಿಕಲ್ 2.1634, ಕೋಬಾಲ್ಟ್ 0.0905, ಮ್ಯಾಂಗನೀಸ್ 1.5610, ಟಿನ್ 1.1851. ಕೋಬಾಲ್ಟ್ ನೋಡ್ರಿ, ಬರೇ 90 ಮಿಲಿಗ್ರಾಂ, ಇಲ್ಲಿ 10 ಮಿಲಿಗ್ರಾಂ ತಪ್ಪಿದ್ರ ನಿಮ್ಮ 2% ಅನ್ನೋದು 1.8 ಇಲ್ಲಾ 2.2 ಆಗಿ ಹೋಗತೈತಿ, ಹಂಗಾಗಿ ನಾಲ್ಕು ದಶಾಂಶದ ಬ್ಯಾಲೆನ್ಸ್ ಬೇಕ ಬೇಕು. ಮೆಟಲ್ 99.9% ಇಲ್ಲಾ ಅದಕ್ಕಿಂತ ಶುದ್ಧ ಇರಬೇಕು. ಸಂಡೂರು ನಮಗ ಹತ್ರ ಇದ್ರೂ ಅಲ್ಲಿ ಸಿಗೋದು ಅದಿರು, ನಮಗ ಬೇಕಾದ್ದು ಶುದ್ಧ ಮೆಟಲ್ ಫ್ಲೇಕ್ಸು.

ಈಗ ಮ್ಯಾಂಗನೀಸ್ ವಿಷಯಕ್ಕ ಬರ್ತೀನಿ, ಇಡೀ ಕೆಲಸದಾಗ ಹೆಚ್ಚು ತ್ರಾಸ ಕೊಡೋದು ಇದ. ಧಾರವಾಡದ ಜುಲೈ ಮಳಿ ನಿಮಗ ಗೊತ್ತಲ್ಲ, ಎರಡೆರಡು ವಾರ ಸೂರ್ಯಾನ ಕಾಣಂಗಿಲ್ಲ, ಗ್ವಾಡಿ ಸೈತ ಬೆವರತಾವು. ಅಂಥಾ ಹವಾದಾಗ ಡಬ್ಬಿ ಮುಚ್ಚಳ ಸಡಲ ಇತ್ತಂದ್ರ ಬೆಳ್ಳಗ ಹೊಳೀತಿದ್ದ ಫ್ಲೇಕ್ಸ್ ಅಂಚಿನಿಂದ ಶುರುವಾಗಿ ಕಂದು ಆಗಿ, ಆಮ್ಯಾಲೆ ಕರ್ರಗ ಮಸಿ ಹಚ್ಚಿದಂಗ ಆಗತಾವು, ಬೆರಳಿಗೆ ಉಜ್ಜಿದ್ರ ಪುಡಿ ಬರತೈತಿ. ಆ ಕಂದು ಬರೇ ಹೊಲಸು ಅನ್ಕೋಬ್ಯಾಡ್ರಿ. ಮ್ಯಾಂಗನೀಸ್ ಆಕ್ಸೈಡ್‌ಗಳ ಪೈಕಿ ಒಂದು ಸುಮಾರು 118 ಕೆಲ್ವಿನ್ ಕೆಳಗ ಆಂಟಿಫೆರೋ ಆಗತೈತಿ, ಇನ್ನೊಂದು, ಮೂರು ಮ್ಯಾಂಗನೀಸ್ ನಾಕು ಆಕ್ಸಿಜನ್ ಇರೋದು, 42-43 ಕೆಲ್ವಿನ್ ಕೆಳಗ ಫೆರಿ (ಉಲ್ಟಾ ನಿಂತ್ರೂ ಪೂರ್ತಿ ಸೊನ್ನಿ ಆಗದ ಥರ) ಆಗತೈತಿ, ಅಂದ್ರ ಆಕ್ಸೈಡ್ ಒಂದ ಸಾಕು ಸುಳ್ಳು ಬಯಾಸ್ ತಯಾರು ಮಾಡಾಕ, 1956ರಾಗ ಕಂಡದ್ದೂ ಲೋಹ ಮತ್ತ ಆಕ್ಸೈಡಿನ ಜೋಡಿನ. ಅದಕ್ಕ ಫ್ಲೇಕ್ಸನ್ನ ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನ್ಯಾಗ ಸ್ವಲ್ಪ ಹೊತ್ತು ಬಿಟ್ಟು, ಡಿಸ್ಟಿಲ್ಡ್ ನೀರು, ಆಮ್ಯಾಲೆ ಅಸಿಟೋನ್‌ನ್ಯಾಗ ತೊಳದು, ವ್ಯಾಕ್ಯೂಮ್‌ನ್ಯಾಗ ಒಣಗಿಸಿ, ಆರಿದ ತಕ್ಷಣ ತೂಕ ಮಾಡಿ ಅವತ್ತ ಕರಗಿಸ್ರಿ. ಆಸಿಡ್ ಕೆಲಸ ಫ್ಯೂಮ್ ಹುಡ್ ಒಳಗ, ಗ್ಲೌಸ್ ಹಾಕ್ಕೊಂಡು. ಮ್ಯಾಂಗನೀಸ್ ಪುಡಿ, ಹೊಗಿ ಉಸಿರಿನ್ಯಾಗ ಹೋದ್ರ ನರಕ್ಕ ಹೊಡೀತೈತಿ, ಮಾಸ್ಕ್ ತಪ್ಪಿಸಬ್ಯಾಡ್ರಿ.

ಕರಗಿಸೋದು, ಹದ ಮಾಡೋದು

ಆರ್ಕ್ ಚೇಂಬರ್ ವ್ಯಾಕ್ಯೂಮ್ ಮಾಡಿ ಆರ್ಗಾನ್ ತುಂಬಿ ಮತ್ತ ಖಾಲಿ ಮಾಡಿ, ಹಿಂಗ ಮೂರು ನಾಕು ಸಲ ತೊಳದ ಮ್ಯಾಲೆ ಮೊದಲ ಟೈಟಾನಿಯಂ ಗುಂಡು ಕರಗಿಸ್ರಿ, ಉಳಿದ ಆಕ್ಸಿಜನ್ ಅದು ಕುಡೀತೈತಿ, ಗುಂಡು ಕರಗಿದ ಮ್ಯಾಲೂ ಹೊಳಪಿದ್ರ ಹವಾ ಚೊಲೊ ಐತಿ, ನೀಲಿ-ಹಳದಿ ಬಣ್ಣ ಬಂತಂದ್ರ ಎಲ್ಲೋ ಸೋರತೈತಿ. ಹರ್ತ್ (ಲೋಹ ಇಟ್ಟು ಕರಗಿಸೋ ತಟ್ಟಿ) ಮ್ಯಾಲೆ ಮ್ಯಾಂಗನೀಸ್ ಕೆಳಗ, ನಿಕಲ್-ಕೋಬಾಲ್ಟ್ ಮ್ಯಾಲೆ ಇಡ್ರಿ. ಮ್ಯಾಂಗನೀಸ್ 1246 ಡಿಗ್ರಿ ಸೆಲ್ಸಿಯಸ್‌ಗೆ ಕರಗತೈತಿ, ನಿಕಲ್‌ಗೆ 1455 ಬೇಕು, ಆರ್ಕ್ ನೇರ ಮ್ಯಾಂಗನೀಸಿಗೆ ತಾಕಿದ್ರ ಹೊಗಿಯಾಗಿ ಹಾರಿ ಹೋಗತೈತಿ. ಎಷ್ಟ ಜ್ವಾಕಿ ಮಾಡಿದ್ರೂ ಸ್ವಲ್ಪ ಹೋಗೋದ, ಅದಕ್ಕ ಮ್ಯಾಂಗನೀಸ್ 1 ರಿಂದ 3% ಹೆಚ್ಚು ಹಾಕೋ ರೂಢಿ ಐತಿ, ನಿಮ್ಮ ಚೇಂಬರ್‌ಗೆ ಎಷ್ಟು ಅನ್ನೋದು ಕರಗಿಸೋಕಿಂತ ಮೊದಲ ಮತ್ತ ಆಮ್ಯಾಲೆ ಗುಂಡಿನ ತೂಕ ಬರದಿಟ್ಟು ನೀವ ಕಂಡ್ಕೋಬೇಕು. ಸರಣಿಯ ಎಲ್ಲಾ ಸ್ಯಾಂಪಲ್‌ಗೂ ಅದ ಪ್ರಮಾಣ, ಅದ ಕರೆಂಟ್, ಅಷ್ಟ ಸಲ ಹೊರಳಿಸಿ ಕರಗಿಸೋದು, ನಾಕೈದು ಸಲ ಸಾಕು. ಇಲ್ಲಿ ಒಂದಕ್ಕೊಂದು ಫರಕು ಆತು ಅಂದ್ರ ಬಯಾಸ್ ಬದಲಾದದ್ದು ಕೋಬಾಲ್ಟ್‌ನಿಂದನೋ ಕಳದು ಹೋದ ಮ್ಯಾಂಗನೀಸ್‌ನಿಂದನೋ ದೇವರಿಗೇ ಗೊತ್ತು.

ಗುಂಡನ್ನ ಕ್ವಾರ್ಟ್ಜ್ ನಳಿಗಿಯೊಳಗ ವ್ಯಾಕ್ಯೂಮ್ ಮಾಡಿ ಸೀಲ್ ಹಾಕಿ 900 ಡಿಗ್ರಿ ಸೆಲ್ಸಿಯಸ್‌ಗೆ 24 ತಾಸು ಇಟ್ಟು ಐಸ್ ನೀರಿಗೆ ಹಾಕ್ರಿ. ಮುಖಕ್ಕ ಶೀಲ್ಡ್ ಇರಲಿ, ನಳಿಗಿ ಒಡೀತೈತಿ. ಬ್ಯಾಸಿಗ್ಯಾಗ ನಮ್ಮ ಕಡೆ ಕರೆಂಟ್ ಹೋಗೋದು ಹೊಸಾದಲ್ಲ, ನಡುವ ಹೋಗಿ ಫರ್ನೇಸ್ ಆರಿತು ಅಂದ್ರ ಆ ಸ್ಯಾಂಪಲ್ ನಿಧಾನಕ್ಕ ತಂಪಾಗೇತಿ ಅಂತ ಅರ್ಥ, ಪರಮಾಣುಗಳ ಜೋಡಣಿ ಬ್ಯಾರೆ ಆಗಿರತೈತಿ, ಅದನ್ನ ಮತ್ತ 900ಕ್ಕ ಏರಿಸಿ 24 ತಾಸು ಪೂರ್ತಿ ಕೊಟ್ಟು ಐಸ್ ನೀರಿನ್ಯಾಗ ಕ್ವೆಂಚ್ ಮಾಡ್ರಿ, ಅರ್ಧಕ್ಕ ಬಿಟ್ಟಲ್ಲಿಂದ ಲೆಕ್ಕ ಮುಂದುವರ್ಸಬ್ಯಾಡ್ರಿ.

ಅಳತಿಗೆ ಕಳಸೋಕಿಂತ ಮೊದಲ

ಎಕ್ಸ್‌ರೇ ಡಿಫ್ರಾಕ್ಷನ್ (ಜಾಲರಿ ರೂಪ ತೋರಸತೈತಿ) ಮತ್ತ ಇಡಿಎಸ್ (ಯಾವ ಎಲಿಮೆಂಟ್ ಎಷ್ಟು ಐತಿ ಅಂತ ಹೇಳತೈತಿ) ಎರಡೂ ಆಗಿರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ ಅನ್ನೋ ಉಪಕರಣ ಕೇಂದ್ರದಾಗ ವಿಚಾರಿಸ್ರಿ, ಹುಬ್ಬಳ್ಳಿ-ಗದಗ-ಹಾವೇರಿ ಹುಡುಗ್ರಿಗೆ ಅದ ಹತ್ರ. ಇಡಿಎಸ್ ಒಂದ ಕಡೆ ತಗೀಬ್ಯಾಡ್ರಿ, ಆರೇಳು ಜಾಗಾದಾಗ ತಗದು ಸರಾಸರಿ ಮತ್ತ ಚದುರಿಕಿ ಎರಡೂ ಬರೀರಿ. ಇಡಿಎಸ್ ತಪ್ಪು ಸುಮಾರು 1% ಹತ್ರ ಇರತೈತಿ, ನಮ್ಮ ಡೋಪಿಂಗ್ ಮೆಟ್ಟಲ 2%, ಹಂಗಾಗಿ ಒಂದ ಸ್ಯಾಂಪಲ್‌ನ ಅಂಕಿಗಿಂತ ಒಂದ ದಿನ ಒಂದ ಸೆಟ್ಟಿಂಗ್‌ನ್ಯಾಗ ಅಳದ ಇಡೀ ಸರಣಿಯ ಏರಿಳಿತ ಹೆಚ್ಚು ನಂಬಿಕಿಗೆ ಯೋಗ್ಯ. ಎಕ್ಸ್‌ರೇಕ್ಕ ಪುಡಿ ಮಾಡಿದ್ರ ಒತ್ತಡ ಉಳದು ಪೀಕ್ ಅಗಲ ಆಗತಾವು, ಪುಡಿನೂ ಸೀಲ್ ಮಾಡಿ ಸ್ವಲ್ಪ ಹದ ಮಾಡಿಕೊಳ್ರಿ.

ಮ್ಯಾಗ್ನೆಟಿಕ್ ಅಳತಿಗೆ ಪುಡಿ ಬ್ಯಾಡ, ಗಟ್ಟಿ ತುಂಡು ಇರಲಿ, ಪುಡಿ ಕಣ ಜೋರು ಫೀಲ್ಡಿನ್ಯಾಗ ತಾವ ತಿರುಗತಾವು. ಕತ್ತರಿಸಿದ ತುಂಡಿನ ಮ್ಯಾಲೆ ಬ್ಲೇಡಿನ ಕಬ್ಬಿಣ ಕೂತಿರತೈತಿ, ತೆಳು ಆಸಿಡ್‌ನ್ಯಾಗ ತೊಳೀರಿ, ಆಮ್ಯಾಲೆ ಸ್ಟೀಲ್ ಚಿಮಟ ಮುಟ್ಟಿಸಬ್ಯಾಡ್ರಿ, ಪ್ಲಾಸ್ಟಿಕ್ ಚಿಮಟ ಇಟ್ಕೊಳ್ರಿ.

ಅಳತಿ

ಮ್ಯಾಗ್ನೆಟೈಜೇಷನ್ ಅಳಿಯೋ ಮೆಷಿನ್‌ಗಳಾದ ಸ್ಕ್ವಿಡ್ ಇಲ್ಲಾ ವಿಎಸ್‌ಎಂ ಮ್ಯಾಲೆ ಟೈಮ್ ಸಿಗೋದು ಬೆಂಗಳೂರಿನ್ಯಾಗ ಇಲ್ಲಾ ಇಂದೋರಿನ ಯುಜಿಸಿ-ಡಿಎಇ ಕೇಂದ್ರದಾಗ, ಸಿಕ್ಕ ತಾಸುಗಳನ್ನ ಹೆಂಗ ಬಳಸ್ತೀರಿ ಅಂತ ರೈಲು ಹತ್ತೋಕಿಂತ ಮೊದಲ ಹಾಳಿ ಮ್ಯಾಲೆ ಬರದಿರಬೇಕು. ನನ್ನ ಕ್ರಮ ಹಿಂಗೈತಿ. ಮೊದಲ 100 ಓರ್ಸ್ಟೆಡ್‌ನ್ಯಾಗ ಟೆಂಪರೇಚರ್ ಮ್ಯಾಲೆ ಮ್ಯಾಗ್ನೆಟೈಜೇಷನ್, ಫೀಲ್ಡ್ ಇಲ್ಲದ ತಂಪು ಮಾಡಿ ಬಿಸಿ ಮಾಡ್ತ, ಫೀಲ್ಡ್ ಇಟ್ಟು ತಂಪು ಮಾಡ್ತ, ಮತ್ತ ಬಿಸಿ ಮಾಡ್ತ. ಮಾರ್ಟೆನ್ಸೈಟ್ ಎಲ್ಲೈತಿ, ಕ್ಯೂರಿ ಎಲ್ಲೈತಿ, ಕೆಳಗ ಎರಡು ಗೆರೆ ಎಲ್ಲಿ ಬ್ಯಾರೆ ಆಗತಾವು, ಇಷ್ಟು ಇದರಿಂದ ತಿಳೀತೈತಿ. ಇದಾದಮ್ಯಾಲೆ ಫೀಲ್ಡ್ ಇಲ್ಲದ ತಂಪು ಮಾಡಿ 5 ಕೆಲ್ವಿನ್‌ನ್ಯಾಗ ಒಂದು ಲೂಪ್. ಇದು ಸಾಮಾನ್ಯವಾಗಿ ಸೊನ್ನಿ ಸುತ್ತ ಸಮ ಬರಬೇಕು. ಸಮ ಬರಲಿಲ್ಲ ಅಂದ್ರ ಖುಷಿ ಪಡೋಕಿಂತ ಮೊದಲ ಮೆಷಿನ್ ಅನುಮಾನಿಸ್ರಿ: ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಒಳಗ ಜೋರು ಫೀಲ್ಡ್ ಹಾಕಿ ಇಳಿಸಿದ ಮ್ಯಾಲೂ ಹತ್ತಾರು ಓರ್ಸ್ಟೆಡ್ ಸಿಕ್ಕೊಂಡು ಉಳೀತೈತಿ, ಪರದಿ ಮ್ಯಾಲೆ ಸೊನ್ನಿ ಕಂಡ್ರೂ ಒಳಗ ಸೊನ್ನಿ ಇರಂಗಿಲ್ಲ. ಆಪರೇಟರ್‌ಗೆ ಹೇಳಿ ಫೀಲ್ಡನ್ನ ಹಿಂದ-ಮುಂದ ಆಡಿಸಿ ಇಳಿಸೋ ಮೋಡ್ ಹಾಕಸ್ರಿ, ಅದ ಸ್ವೀಪ್‌ನ್ಯಾಗ ಪಲ್ಲೇಡಿಯಂ ಸ್ಯಾಂಪಲ್ (ಇದರ ಮ್ಯಾಗ್ನೆಟಿಕ್ ಉತ್ತರ ಮೊದಲ ಗೊತ್ತಿರತೈತಿ) ಒಂದು ಸಲ ಓಡಿಸಿ ಖರೇ ಫೀಲ್ಡ್ ಎಷ್ಟು ಅಂತ ಕಂಡ್ಕೊಳ್ರಿ. ನಿಕಲ್-ಮ್ಯಾಂಗನೀಸ್-ಇಂಡಿಯಂನ್ಯಾಗ ಫೀಲ್ಡ್ ಇಲ್ಲದ ತಂಪು ಮಾಡಿದ್ರೂ ದೊಡ್ಡ ಬಯಾಸ್ ಬರತೈತಿ ಅಂತ 2011ರಾಗ ವರದಿ ಆಗೇತಿ ಖರೆ, ಆದ್ರ ಅಂಥಾ ಮಾತು ಹೇಳಾಕ ಇಷ್ಟು ತಪಾಸಣಿ ಮುಗಿದಿರಬೇಕು.

ಈಗ ಮುಖ್ಯ ಅಳತಿ. ಸ್ಯಾಂಪಲ್ ಕೋಣಿ ಟೆಂಪರೇಚರ್‌ಗಿಂತ ಮ್ಯಾಲೆ ಒಯ್ದು, ಅಂದ್ರ ಕ್ಯೂರಿ ದಾಟಿಸಿ, 10,000 ಓರ್ಸ್ಟೆಡ್ ಹಾಕಿ 5 ಕೆಲ್ವಿನ್‌ಗೆ ಇಳಿಸಿ ಪ್ಲಸ್ 50,000 ರಿಂದ ಮೈನಸ್ 50,000, ಮತ್ತ ವಾಪಸ್. ಲೂಪ್ ತುದಿಯಾಗ ಎರಡು ಗೆರೆ ಕೂಡಿ ಮುಚ್ಚಿರಬೇಕು. ಮುಚ್ಚದ ಲೂಪ್ ಸಣ್ಣ ಲೂಪ್, ಅದು ತಾನ ಬಾಜೂಕ ಸರಿದಂಗ ಕಾಣತೈತಿ, ಅದನ್ನ ಬಯಾಸ್ ಅಂತ ಬರದ್ರ ಓದಿದವರು ಮೊದಲನೇ ಸಾಲಿನ್ಯಾಗ ಹಿಡೀತಾರ. ಸೊನ್ನಿ ಹತ್ರ ಸ್ಟೆಪ್ 20-25 ಓರ್ಸ್ಟೆಡ್ ಇರಲಿ, ದೂರಕ್ಕ ದೊಡ್ಡ ಸ್ಟೆಪ್ ಸಾಕು. ಆಮ್ಯಾಲೆ ಇದ ಪೂರ್ತಿ ಮೈನಸ್ ಫೀಲ್ಡಿನ್ಯಾಗ ತಂಪು ಮಾಡಿ ಮತ್ತೊಮ್ಮೆ, ಲೂಪ್ ಇನ್ನೊಂದು ಬಾಜೂಕ ಅಷ್ಟ ಸರಿದಿರಬೇಕು. ಇದಕ್ಕ ಟೈಮ್ ಇಲ್ಲ ಅಂತ ಬಿಟ್ಟು ಬರಬ್ಯಾಡ್ರಿ, ಬೇಕಾದ್ರ ಒಂದು ಸ್ಯಾಂಪಲ್ ಕಡಿಮಿ ಅಳೀರಿ.

ಬೇಸ್ ಅಲಾಯ್ ಮತ್ತ ಹೆಚ್ಚು ಬಯಾಸ್ ಬಂದ ಸ್ಯಾಂಪಲ್, ಈ ಎರಡಕ್ಕ ಮಾತ್ರ ಟ್ರೇನಿಂಗ್ ಮಾಡ್ರಿ: ಒಂದ ಸಲ ತಂಪು ಮಾಡಿ ಲೂಪ್ ಮ್ಯಾಲೆ ಲೂಪ್ ಐದಾರು ತಗೀರಿ, ಬಯಾಸ್ ಸಲಕ್ಕ ಸಲಕ್ಕ ಇಳೀತ ಹೋಗತೈತಿ, ಮೊದಲನೆಯದರಿಂದ ಎರಡನೆಯದಕ್ಕ ದೊಡ್ಡ ಇಳಿತ, ಎರಡರಿಂದ ಮುಂದ ಲೂಪ್ ಸಂಖ್ಯೆಯ ವರ್ಗಮೂಲಕ್ಕ ಒಂದರ ಭಾಗದಂಗ. ಮೊದಲ ಲೂಪನ್ನ ಆ ಗೆರೆ ಮ್ಯಾಲೆ ಕೂಡಸಾಕ ಹೋಗಬ್ಯಾಡ್ರಿ, ಅದು ಕೂಡಂಗಿಲ್ಲ. ಹಂಗ ತಂಪು ಮಾಡೋ ಫೀಲ್ಡ್ 500, 1,000, 5,000, 10,000, 50,000 ಹಿಂಗ ಬದಲಿಸಿದ್ರ ಬಯಾಸ್ ಮೊದಲ ಏರಿ ಒಂದು ತುದಿ ಮುಟ್ಟಿ ಇಳಿಯೋದು ಈ ಅಲಾಯ್‌ನ್ಯಾಗ ಸಾಮಾನ್ಯ, ಫೀಲ್ಡ್ ಜೋರಾದಂಗ ಫೆರೋ ತುಂಡು ಬೆಳದು ಹಿಡಿತ ಸಡಲ ಆಗತೈತಿ.

ಡೋಪಿಂಗ್ ಫಲ ಓದೋದು

ಎಷ್ಟೋ ಕಡೆ ಕೋಬಾಲ್ಟ್ ಎಷ್ಟು, ಬಯಾಸ್ ಎಷ್ಟು ಅಂತ ಒಂದ ಗ್ರಾಫ್ ಹಾಕಿ ಬಿಡ್ತಾರ. ಅದರ ಕೆಳಗ ಅದ ಅಕ್ಷಕ್ಕ ಇನ್ನೂ ಮೂರು ಗ್ರಾಫ್ ಇಡ್ರಿ: ಕೋಯರ್ಸಿವಿಟಿ, 50,000 ಓರ್ಸ್ಟೆಡ್‌ನ್ಯಾಗಿನ ಮ್ಯಾಗ್ನೆಟೈಜೇಷನ್, ಬಯಾಸ್ ಪೂರ್ತಿ ಸೊನ್ನಿ ಆಗೋ ಬ್ಲಾಕಿಂಗ್ ಟೆಂಪರೇಚರ್. ಬಯಾಸ್ ಏರಿ ಮ್ಯಾಗ್ನೆಟೈಜೇಷನ್ ಇಳಿದಿದ್ರ ಫೆರೋ ತುಂಡು ಸಣ್ಣ ಆಗ್ಯಾವು ಇಲ್ಲಾ ಕಡಿಮಿ ಆಗ್ಯಾವು ಅನ್ನೋ ಕಡೆ ವಾದ ಹೋಗತೈತಿ. ಎರಡೂ ಏರಿ ಬ್ಲಾಕಿಂಗ್ ಟೆಂಪರೇಚರ್ ಸೈತ ಏರಿದ್ರ ಆಂಟಿಫೆರೋ ಗಟ್ಟಿ ಆಗೇತಿ, ಅಂಟು ಜೋರಾಗೇತಿ ಅನ್ನಬಹುದು. ಬಯಾಸ್ ಏರಿ ಬ್ಲಾಕಿಂಗ್ ಟೆಂಪರೇಚರ್ ಎಲ್ಲಾ ಸ್ಯಾಂಪಲ್‌ಗೂ 42-43 ಕೆಲ್ವಿನ್ ಹತ್ರನ ನಿಂತಿದ್ರ ಆಕ್ಸೈಡ್ ನೆನಪು ಮಾಡ್ಕೊಳ್ರಿ, ತುಂಡು ಮತ್ತ ತೊಳದು ಅಳೀರಿ.

ಎಲ್ಲಾ ಸ್ಯಾಂಪಲನ್ನ ಒಂದ 5 ಕೆಲ್ವಿನ್, ಒಂದ 10,000 ಓರ್ಸ್ಟೆಡ್‌ಗೆ ಹೋಲಿಸೋದು ಶುರುವಾತಿಗೆ ಸರಿ, ಆದ್ರ ಕೋಬಾಲ್ಟ್ ಹಾಕಿದಂಗ ಬಯಾಸ್ ತುದಿ ಮುಟ್ಟೋ ಫೀಲ್ಡ್ ಸರಿದಿರಬಹುದು, ಹಂಗಾಗಿ ಪ್ರತಿ ಸ್ಯಾಂಪಲ್‌ನ ತುದಿ ಬೆಲೆನೂ ಬಾಜೂಕ ಬರೀರಿ. ಹಂಗ ಕೋಬಾಲ್ಟ್ ಅಕ್ಷದ ಮ್ಯಾಲೆ ತೂಕ ಮಾಡಿ ಹಾಕಿದ ಅಂಕಿ ಹಾಕಬ್ಯಾಡ್ರಿ, ಇಡಿಎಸ್‌ನ್ಯಾಗ ಸಿಕ್ಕ ಅಂಕಿ ಹಾಕ್ರಿ, ತಪ್ಪಿನ ಗೆರೆ ಸಮೇತ. 0, 2, 4ರಾಗ ತುದಿ 4ಕ್ಕ ಬಂದಿದ್ರ ಮುಂದಿನ ಗುಂಡು 5ರದ್ದು, 2ಕ್ಕ ಬಂದಿದ್ರ 1 ಮತ್ತ 3, ಆರ್ಕ್ ಚೇಂಬರ್ ಹವಾ ಮಳಿಗಾಲದಾಗ ನಂಬಾಕ ಬರಂಗಿಲ್ಲ, ಆಗೋದಾದ್ರ ಅಕ್ಟೋಬರ್ ದಾಟಿಸಿ ಕರಗಿಸ್ರಿ.